ಸೈಟ್ ಓಡುತ್ತಿದೆ, ದುಡ್ಡು ಬಂದಿಲ್ಲ

ಪುಣೆ–ಸೊಲ್ಲಾಪುರ ಹೆದ್ದಾರಿಯ ಕುರಕುಂಭದಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶ ಇದೆ, ಬಹುಪಾಲು ರಾಸಾಯನಿಕ ಕಾರ್ಖಾನೆಗಳು. ಅಲ್ಲಿ ಶಿಫ್ಟ್ ಮುಗಿಸಿ ಬಂದು, ರಾತ್ರಿ ಬಾಡಿಗೆ ಕೋಣೆಯಲ್ಲಿ ಯೂಟ್ಯೂಬ್ ನೋಡುತ್ತಾ ಜಾವಾಸ್ಕ್ರಿಪ್ಟ್ ಕಲಿತ ವಿಜಯಪುರ ಕಡೆಯ ಹುಡುಗನೊಬ್ಬ ಇದ್ದಾನೆ ಎಂದುಕೊಳ್ಳಿ. ಬೆಂಗಳೂರಿನ ಒಂದು ಅಂಗಡಿಗೆ 60,000 ರೂಪಾಯಿಗೆ ವೆಬ್‌ಸೈಟ್ ಮಾಡಿಕೊಟ್ಟ. ಅಡ್ವಾನ್ಸ್ 15,000 ಬಂತು. ಬಾಕಿ ಕೇಳಿದರೆ ‘ಮುಂದಿನ ವಾರ’. ಜೋರಾಗಿ ಕೇಳಲು ಅವನಿಗೇ ಅಳುಕು. ಡಿಗ್ರಿ ಇಲ್ಲ, ಅಗ್ರಿಮೆಂಟ್ ಇಲ್ಲ.

ಡಿಗ್ರಿಯನ್ನು ಕಾನೂನು ಕೇಳುವುದೇ ಇಲ್ಲ. ಅಗ್ರಿಮೆಂಟೂ ಛಾಪಾಕಾಗದದ ಮೇಲೆಯೇ ಇರಬೇಕಿಲ್ಲ. ಇ-ಮೇಲ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಕೆಲಸ ಇಂಥದ್ದು, ದರ ಇಷ್ಟು ಎಂದು ಇಬ್ಬರೂ ಒಪ್ಪಿದ್ದರೆ, ಅದು ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಂದ ಬಿದ್ದುಹೋಗದು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 10ಎ ಇದನ್ನೇ ಹೇಳುತ್ತದೆ. ಆದರೆ ಆ ಚಾಟ್ ಉಳಿದಿರಬೇಕು. ಅದರ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರವೂ ಬೇಕು. ಫೋನ್ ಬದಲಿಸುವ ಭರದಲ್ಲಿ ಎಲ್ಲ ಅಳಿಸಿ ಕೂತವರಿಗೆ ವಕೀಲರೂ ಹೆಚ್ಚೇನೂ ಮಾಡಲಾರರು.

ಇನ್ನು ಕೋಡ್ ಯಾರದು? ಕೃತಿಸ್ವಾಮ್ಯ ಕಾಯ್ದೆ 1957ರಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯೇ. ಕಥೆಗೆ ಕಥೆಗಾರ ಹೇಗೋ ಕೋಡಿಗೆ ಬರೆದವನು ಹಾಗೆ. ಸಂಬಳದ ನೌಕರ ತನ್ನ ನೌಕರಿಯ ಭಾಗವಾಗಿ ಬರೆದದ್ದು ಮಾಲೀಕನಿಗೆ ಸೇರುತ್ತದೆ. ಫ್ರೀಲಾನ್ಸರ್ ನೌಕರನಲ್ಲ, ಹಕ್ಕನ್ನು ಅವನು ಸಹಿ ಮಾಡಿ ಬರಹದಲ್ಲಿ ಬಿಟ್ಟುಕೊಡುವವರೆಗೂ ಅದು ಅವನದೇ. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ ವರ್ಗಾವಣೆ ಐದೇ ವರ್ಷಕ್ಕೆ. ‘ಪೂರ್ತಿ ಹಣ ಸಂದ ದಿನ ಹಕ್ಕು ವರ್ಗವಾಗುತ್ತದೆ’ ಎಂಬ ಒಂದು ಸಾಲನ್ನು ಮೊದಲೇ ಹಾಕಿಸಿಕೊಂಡರೆ ಆಮೇಲಿನ ಅರ್ಧ ಜಗಳ ಹುಟ್ಟುವುದೇ ಇಲ್ಲ.

ನೆಟ್‌ನಿಂದ ಎತ್ತಿಕೊಂಡ ತುಣುಕುಗಳ ಮಾತು ಬೇರೆ. ತಾನಾಗಿ ಕಲಿತವರಲ್ಲಿ ನಕಲು ಮಾಡದವರು ಯಾರಿದ್ದಾರೆ! ಎಂಐಟಿ ಪರವಾನಗಿಯ ಕೋಡ್ ಬಳಸಿದರೆ ಮೂಲ ಲೇಖಕರ ಹಕ್ಕಿನ ಸೂಚನೆಯನ್ನು ಅಳಿಸುವಂತಿಲ್ಲ. ಜಿಪಿಎಲ್ ಪರವಾನಗಿಯ ಕೋಡ್ ಸೇರಿಸಿ ಹಂಚಿದರೆ ಸೋರ್ಸ್ ಕೋಡ್ ಕೂಡ ಒದಗಿಸಬೇಕಾಗುತ್ತದೆ.

ಹಣ ವಸೂಲಿಗೆ ಹರಿತವಾದ ದಾರಿ 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆ. ಆಧಾರ್, ಪ್ಯಾನ್ ಇದ್ದರೆ ಅದಕ್ಕೆ ಬೇಕಾದ ಉದ್ಯಮ್ ನೋಂದಣಿ ಉಚಿತ. ಒಬ್ಬನೇ ಮಾಡುವ ಕೆಲಸಕ್ಕೂ ಸಿಗುತ್ತದೆ. ಆಮೇಲೆ ಗ್ರಾಹಕ ಒಪ್ಪಿದ ದಿನದೊಳಗೆ ಹಣ ಕೊಡಲೇಬೇಕು, ಆ ಗಡುವೂ 45 ದಿನ ಮೀರುವಂತಿಲ್ಲ. ಗಡುವಿನ ಮಾತೇ ಆಗಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳ ಲೆಕ್ಕದಲ್ಲಿ ಚಕ್ರಬಡ್ಡಿ. ಕೆಲಸ ತಲುಪಿದ 15 ದಿನದೊಳಗೆ ಲಿಖಿತ ತಕರಾರು ಬಾರದಿದ್ದರೆ ಒಪ್ಪಿದಂತೆಯೇ. ದೂರನ್ನು ಬೆಂಗಳೂರಿಗೆ ಹೊತ್ತೊಯ್ಯಬೇಕಿಲ್ಲ: ಗ್ರಾಹಕ ದೇಶದ ಯಾವ ಮೂಲೆಯಲ್ಲಿದ್ದರೂ ಕೆಲಸ ಮಾಡಿಕೊಟ್ಟವನ ಊರಿನ ವ್ಯಾಪ್ತಿಯಲ್ಲಿ ಈ ಕಾಯ್ದೆಯಡಿ ಇರುವ ಸೌಲಭ್ಯ ಮಂಡಳಿ ವಿಚಾರಿಸಬಹುದು. ಆದರೆ ನೋಂದಣಿ ಕೆಲಸಕ್ಕಿಂತ ಮೊದಲೇ ಆಗಿರಲಿ. ಜಗಳ ಶುರುವಾದ ಮೇಲೆ ಮಾಡಿಸಿದ ನೋಂದಣಿ ಹಿಂದಿನ ಬಿಲ್ಲಿಗೆ ನೆರವಾಗದು ಎಂದು ಸುಪ್ರೀಂ ಕೋರ್ಟ್ 2021ರ ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೇಳಿದೆ.

ನಮ್ಮ ಹುಡುಗ ನೋಂದಣಿ ಮಾಡಿಸಿರಲಿಲ್ಲ. ಪಾಸ್‌ವರ್ಡ್ ಇನ್ನೂ ಅವನ ಬಳಿಯೇ ಇದೆ, ಸಿಟ್ಟಿನಲ್ಲಿ ಒಂದು ರಾತ್ರಿ ಸೈಟ್ ಬಂದ್ ಮಾಡಿಬಿಡೋಣ ಅನ್ನಿಸುತ್ತದೆ. ಬೇಡ. ಗ್ರಾಹಕನ ಹೋಸ್ಟಿಂಗ್‌ಗೆ ಅನುಮತಿಯಿಲ್ಲದೆ ನುಗ್ಗಿ ಹಾಳುಮಾಡಿದರೆ ಅದೇ ಐಟಿ ಕಾಯ್ದೆಯ ಕಲಂ 43, 66 ಅವನ ಮೇಲೆಯೇ ಬೀಳುತ್ತವೆ. ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. 45,000ಕ್ಕಾಗಿ ಫಿರ್ಯಾದಿ ಆಗಬೇಕಿದ್ದವನು ಆರೋಪಿ ಆಗುತ್ತಾನೆ.

ಅವನಿಗೆ ಉಳಿದಿರುವುದು ನೋಟಿಸ್, ಸಿವಿಲ್ ದಾವೆ, ಇಲ್ಲವೇ ಲೋಕ ಅದಾಲತ್. ಅದಾಲತ್‌ನಲ್ಲಿ ಕೋರ್ಟ್ ಫೀ ಇಲ್ಲ, ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲ, ಅಪೀಲಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಲಿ, ಇಲ್ಲವೇ 15100ಕ್ಕೆ ಫೋನ್ ಮಾಡಲಿ. 1987ರ ಕಾನೂನು ಸೇವಾ ಕಾಯ್ದೆಯ ಪ್ರಕಾರ ಕೈಗಾರಿಕಾ ಕಾರ್ಮಿಕರಿಗೆ ಉಚಿತ ನೆರವು ಉಂಟು. ಕಾರ್ಖಾನೆಯ ಗುರುತಿನ ಚೀಟಿ ಇಲ್ಲಿ ಕೋಡಿಗಿಂತ ಹೆಚ್ಚು ಕೆಲಸಕ್ಕೆ ಬರಬಹುದು. ದಾವೆಗೆ ಕೆಲಸ ಮುಗಿದ ದಿನದಿಂದ ಮೂರು ವರ್ಷ ಕಾಲ. ಅದರೊಳಗೆ ‘ಇಷ್ಟು ಬಾಕಿ ಇದೆ’ ಎಂದು ಗ್ರಾಹಕ ಸಹಿ ಹಾಕಿ ಒಪ್ಪಿದರೆ ಎಣಿಕೆ ಆ ದಿನದಿಂದ ಮತ್ತೆ ಶುರು. ‘ಮುಂದಿನ ವಾರ’ ಅನ್ನುವವರಿಂದ ಮೊದಲು ಅದನ್ನು ಬರೆಸಿಕೊಳ್ಳಲಿ.