ಅಗ್ಗದ ಫಿಲ್ಟರೋ, ಬ್ರ್ಯಾಂಡಿನದೋ?

ನಿಮ್ಮ 200 ಲೀಟರ್ ಅಕ್ವೇರಿಯಂಗೆ ಅಗ್ಗದ ಕ್ಯಾನಿಸ್ಟರ್ ಫಿಲ್ಟರ್ ಸಾಕೇ, ಜರ್ಮನಿಯ ಎಹೈಮ್ ಬ್ರ್ಯಾಂಡಿನದೇ ಬೇಕೇ ಎಂದು ಕೇಳಿದ್ದೀರಿ. ಅಮೋನಿಯಾದ ವಿಷ ಕಳೆಯುವುದು ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ. ಅದು ಎರಡರಲ್ಲೂ ಬೆಳೆಯುತ್ತದೆ. ವ್ಯತ್ಯಾಸ ಕಾಣುವುದು ಕೆಲವು ವರ್ಷ ಕಳೆದು ಮುಚ್ಚಳದ ರಬ್ಬರ್ ರಿಂಗ್ ಗಟ್ಟಿಯಾದಾಗ. ನನ್ನದೊಂದು ಅಗ್ಗದ ಫಿಲ್ಟರ್ ರಾತ್ರಿಯಿಡೀ ಸೋರಿ, ಬೆಳಿಗ್ಗೆ ಎದ್ದರೆ ಚಾಪೆಯೆಲ್ಲ ತೊಯ್ದಿತ್ತು. ಆ ರಿಂಗ್ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಅದಕ್ಕೇ ರಿಂಗ್, ನೀರು ತಳ್ಳುವ ಇಂಪೆಲ್ಲರ್ ಬಿಡಿಯಾಗಿ ಸಿಗುತ್ತವೆಯೇ ಎಂದು ಮೊದಲು ಕೇಳಿ. ಸಿಗುವುದಾದರೆ ಧೈರ್ಯವಾಗಿ ಅಗ್ಗದ್ದೇ ತನ್ನಿ, ಒಂದು ಜೊತೆ ಈಗಲೇ ತೆಗೆದಿಡಿ. ಡಬ್ಬಿ ಮೇಲಿನ ‘ಗಂಟೆಗೆ 1000 ಲೀಟರ್’ ನಂಬಬೇಡಿ. ಸ್ಪಂಜು ತುಂಬಿದ ಮೇಲೆ ಹರಿವು ಬಹಳ ಇಳಿಯುತ್ತದೆ. ಹಾಂ, ಕರೆಂಟು ಹಲವು ಗಂಟೆ ಹೋಗಿದ್ದರೆ, ಫಿಲ್ಟರಿನೊಳಗಿನ ನೀರು ಚೆಲ್ಲಿ, ಅಕ್ವೇರಿಯಂನಿಂದ ತೆಗೆದ ನೀರಲ್ಲಿ ಸ್ಪಂಜು ಜಾಲಾಡಿಸಿ ಆಮೇಲೆ ಚಾಲೂ ಮಾಡಿ. ಒಳಗೆ ಕೊಳೆತ ನೀರು ಮೀನುಗಳಿಗೆ ತಾಗಬಾರದು.