ಕಮ್ಯುನಿಟಿ ಕಾಲೇಜಿನ ಆನರ್ಸ್: ಸೇರಲಿ, ಅವಸರ ಬೇಡ

ಮಗಳು ಕ್ಯುಪರ್ಟಿನೋದ ಡಿ ಆಂಜಾ ಕಮ್ಯುನಿಟಿ ಕಾಲೇಜು ಸೇರಿದ್ದನ್ನು ಊರಿನವರಿಗೆ ಹೇಳಲು ಹಿಂಜರಿಕೆ ಎಂದು ಬರೆದಿದ್ದೀರಿ. ಹಿಂಜರಿಯಬೇಡಿ ತಾಯಿ. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಮೂರನೇ ವರ್ಷಕ್ಕೆ ವಿಶ್ವವಿದ್ಯಾಲಯ ಸೇರುವುದು ಕ್ಯಾಲಿಫೋರ್ನಿಯಾದಲ್ಲಿ ರಾಜಮಾರ್ಗವೇ. ಶುಲ್ಕದ ಹೊರೆಯೂ ಬಹಳ ಕಡಿಮೆ.

ಆನರ್ಸ್‌ಗೆ ಸೇರಬೇಕೇ ಎಂದು ಕೇಳಿದ್ದೀರಿ. ಖಂಡಿತ ಅರ್ಜಿ ಹಾಕಲಿ. ಅದು ಪ್ರತ್ಯೇಕ ಪದವಿಯಲ್ಲ. ಕೆಲವು ಕೋರ್ಸ್‌ಗಳನ್ನು ಹೆಚ್ಚಿನ ಓದು, ಬರವಣಿಗೆಯೊಂದಿಗೆ ಮಾಡುವುದು ಅಷ್ಟೇ. ಇತಿಹಾಸವನ್ನೇ ನೋಡಿ: ಸಾಮಾನ್ಯ ತರಗತಿಯಲ್ಲಿ ಪಠ್ಯಪುಸ್ತಕ ಓದಿ ಪರೀಕ್ಷೆ ಬರೆದರೆ ಮುಗಿಯಬಹುದು. ಆನರ್ಸ್‌ನಲ್ಲಿ ಆ ಕಾಲದ ಪತ್ರ, ದಾಖಲೆಗಳನ್ನು ತಾನೇ ಹುಡುಕಿ, ತನ್ನದೇ ವಾದ ಕಟ್ಟಿ ಪ್ರಬಂಧ ಬರೆಯಬೇಕಾಗುತ್ತದೆ. ಅದನ್ನು ತಿದ್ದುವ ಪ್ರಾಧ್ಯಾಪಕರಿಗೆ ಅವಳ ಯೋಚನೆಯ ಪರಿಚಯವಾಗುತ್ತದೆ. ಮುಂದೆ ಸ್ಕಾಲರ್‌ಶಿಪ್‌ಗೆ ಶಿಫಾರಸು ಪತ್ರ ಬೇಕಾದಾಗ ಅವರ ಮಾತಿಗೆ ತೂಕವಿರುತ್ತದೆ. ನನ್ನ ದೃಷ್ಟಿಯಲ್ಲಿ ದೊಡ್ಡ ಲಾಭ ಇದೇ.

ಯುಸಿಎಲ್‌ಎ ವಿಶ್ವವಿದ್ಯಾಲಯ ಅವಳ ಕನಸು ಎಂದಿದ್ದೀರಿ. ಅಲ್ಲಿನ ಟ್ರಾನ್ಸ್‌ಫರ್ ಅಲಯನ್ಸ್ ಪ್ರೋಗ್ರಾಂನಡಿ, ಆನರ್ಸ್ ಪೂರೈಸಿ ಕಾಲೇಜಿನಿಂದ ದೃಢೀಕರಣ ಪಡೆದವರಿಗೆ ಲೆಟರ್ಸ್ ಅಂಡ್ ಸೈನ್ಸ್ ವಿಭಾಗದ ಪ್ರವೇಶದಲ್ಲಿ ಆದ್ಯತೆ ಸಿಗುತ್ತದೆ. ಆದರೆ ಸೀಟು ಖಾತ್ರಿಯೇನಲ್ಲ. ಎಂಜಿನಿಯರಿಂಗ್ ಬೇಕೆಂದರೆ ಈ ದಾರಿಯನ್ನು ನೆಚ್ಚಬೇಡಿ.

ವಾರಾಂತ್ಯದಲ್ಲಿ ಕೆಲಸಕ್ಕೂ ಹೋಗುವ ಹುಡುಗಿ. ಮೊದಲ ಕ್ವಾರ್ಟರ್‌ಗೆ ಒಂದೇ ಆನರ್ಸ್ ಕೋರ್ಸ್ ಸಾಕು. ಜಿಪಿಎ ಕುಸಿದರೆ ಆನರ್ಸ್ ಹೆಸರು ಕೈಹಿಡಿಯದು. ಎಷ್ಟು ಕೋರ್ಸ್ ಬೇಕು, ಯಾವುದು ಯಾವ ಕ್ವಾರ್ಟರ್‌ನಲ್ಲಿ ಎಂದು ಈ ವಾರವೇ ಆನರ್ಸ್ ಕೌನ್ಸೆಲರ್ ಹತ್ತಿರ ಕೂತು ಬರೆದುಕೊಳ್ಳಲಿ. ನೀವು ಜೊತೆಗೆ ಹೋಗಬೇಡಿ, ಅವಳೇ ಮಾತಾಡಲಿ.