ಕೊಡಲಿಗೆ ಕಾವು ಹಾಕಿದ ಕೈ

ಅನ್ಸಾರ್‌ಗಳಲ್ಲೊಬ್ಬರು ಪ್ರವಾದಿವರ್ಯರ(ಸ) ಬಳಿಗೆ ಬಂದು ನೆರವು ಯಾಚಿಸಿದರು. ಮನೆಯಲ್ಲಿ ಏನಿದೆಯೆಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಹೊದೆಯಲೂ ಹಾಸಲೂ ಒಂದೇ ಬಟ್ಟೆ, ನೀರು ಕುಡಿಯಲು ಒಂದು ಪಾತ್ರೆ, ಇದ್ದುದು ಅಷ್ಟೇ. ಅವನ್ನು ತರಿಸಿ ಹರಾಜು ಹಾಕಿದಾಗ ಎರಡು ದಿರ್ಹಮ್ ಬಂತು. ಒಂದರಿಂದ ಮನೆಯವರಿಗೆ ಆಹಾರ, ಇನ್ನೊಂದರಿಂದ ಕೊಡಲಿ ಕೊಳ್ಳಲು ಹೇಳಿದರು. ಕೊಡಲಿ ಬಂದಾಗ ತಮ್ಮ ಕೈಯಿಂದಲೇ ಅದಕ್ಕೆ ಕಾವು ಹಾಕಿ, ಸೌದೆ ಕಡಿದು ಮಾರಲು ಕಳುಹಿಸಿದರು. 15 ದಿನ ತಮ್ಮನ್ನು ಕಾಣಬಾರದೆಂದರು. ಆತ ಹತ್ತು ದಿರ್ಹಮ್ ಸಂಪಾದಿಸಿ ಮರಳಿದರು. ಅಬೂದಾವೂದ್ ಮತ್ತು ಇಬ್ನುಮಾಜಃ ಈ ಘಟನೆಯನ್ನು ವರದಿ ಮಾಡಿದ್ದಾರೆ.

ಕೊಡಲಿ ಕಾವು ಕುಲಕ್ಕೆ ಸಾವು ಎಂಬುದು ನಮ್ಮ ಗಾದೆ. ಆದರೆ ಈ ಕಾವು ಒಂದು ಕುಟುಂಬವನ್ನೇ ಬದುಕಿಸಿತು! ಇಂದಿನ ಹಸಿವಿಗೆ ಅನ್ನ, ನಾಳಿನ ದುಡಿಮೆಗೆ ಸಲಕರಣೆ. ಅದನ್ನು ಕೈಗೆ ಒಗ್ಗಿಸಿಕೊಡುವ ಹೊಣೆಯೂ ಕೊಟ್ಟವನದೇ. ನಾವು ಈ ಮೂರನೆಯದನ್ನು ಮರೆತಿದ್ದೇವೆ.

ಕಾವು ಹಾಕುವ ಈ ಕೆಲಸವನ್ನು ಒಂದು ತೋಟವೂ ಮಾಡಬಲ್ಲದು. ಅಮೇರಿಕದ ಕ್ಯಾಲಿಫೋರ್ನಿಯದ ಸಾಂತಾ ಕ್ರೂಜ್ ನಗರದಲ್ಲಿ 1990ರಲ್ಲಿ ‘ಹೋಮ್‌ಲೆಸ್ ಗಾರ್ಡನ್ ಪ್ರಾಜೆಕ್ಟ್’ ಆರಂಭವಾಯಿತು. ಮನೆಯಿಲ್ಲದವರಿಗೆ ಅಲ್ಲಿ ಸಾವಯವ ಬೇಸಾಯ ಕಲಿಸುತ್ತಾರೆ. ಕಲಿಯುವಾಗಲೇ ಸಂಬಳ ಕೊಡುತ್ತಾರೆ. ಬೆಳೆದ ತರಕಾರಿ, ಹೂಗಳು ಊರವರಿಗೇ ಮಾರಾಟವಾಗುತ್ತವೆ. ಮುಂದೆ ಬೇರೆ ಕೆಲಸ, ವಾಸಕ್ಕೊಂದು ನೆಲೆ ಹುಡುಕಲೂ ನೆರವಾಗುತ್ತಾರೆ. ಇದು ಮುಸ್ಲಿಮರು ಕಟ್ಟಿದ ಸಂಸ್ಥೆಯಲ್ಲ. ಆದರೆ ಪಾಠ ನಮ್ಮ ಮನೆಯದೇ ಅಲ್ಲವೇ?

ತೋಟಕ್ಕೆ ಇನ್ನೊಂದು ಪುಣ್ಯವೂ ಇದೆ. ಮುಸ್ಲಿಮನು ನೆಟ್ಟ ಗಿಡದಿಂದ, ಬಿತ್ತಿದ ಬೆಳೆಯಿಂದ ಮನುಷ್ಯನಾಗಲಿ ಹಕ್ಕಿಯಾಗಲಿ ಪ್ರಾಣಿಯಾಗಲಿ ತಿಂದರೆ ಅದು ಅವನ ಪಾಲಿಗೆ ಸದಕಾ ಎಂದು ಬುಖಾರಿ, ಮುಸ್ಲಿಮ್ ಹದೀಸ್‌ಗಳು ಕಲಿಸುತ್ತವೆ. ಕುಂಬಳ, ಸೌತೆಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಜೇನ್ನೊಣದಂತಹ ಕೀಟಗಳು ಪರಾಗವನ್ನು ಹೊತ್ತು ತಂದರೆ ಮಾತ್ರ ಕಾಯಿ ಕಚ್ಚುತ್ತದೆ. ವಿಷ ಸಿಂಪಡಿಸಿ ಅವನ್ನು ಕೊಂದವನು ತನ್ನ ಬುಟ್ಟಿಯನ್ನೇ ಬರಿದು ಮಾಡಿಕೊಳ್ಳುತ್ತಾನೆ. ಹಲವು ಬೆಳೆ, ಬೇಲಿಯಲ್ಲಿ ಹೂಗಿಡ, ಹಕ್ಕಿಗೊಂದು ಮರ ಇರುವ ತೋಟದಲ್ಲಿ ಅಲ್ಲಾಹನ ಸೃಷ್ಟಿಗಳೆಲ್ಲವೂ ದುಡಿಮೆಗೆ ಜೊತೆಯಾಗುತ್ತವೆ.

ಜುಮಾ ಮುಗಿಸಿ ಹೊರಬರುವಾಗ ಬಾಗಿಲಲ್ಲಿ ಚಾಚಿದ ಕೈಗೆ ನಾಣ್ಯ ಹಾಕುತ್ತೇವೆ. ಮುಂದಿನ ವಾರವೂ ಅದೇ ಕೈ. ನಿನಗೇನು ಕೆಲಸ ಬರುತ್ತದೆಂದು ಕೇಳಿದವರೆಷ್ಟು ಮಂದಿ? ಎಷ್ಟೋ ಮಸೀದಿಗಳ ಪಕ್ಕದಲ್ಲಿ ಜಾಗ ಪಾಳು ಬಿದ್ದಿದೆ. ಐದು ಹೊತ್ತಿನ ವುಝೂವಿನ ನೀರು ಚರಂಡಿ ಸೇರುತ್ತಿದೆ. ಜಮಾಅತಿನವರು ಕೂಡಿ ಯೋಚಿಸಲಿ. ಹಾರೆ ಕೊಟ್ಟು ಸುಮ್ಮನಾಗದೆ, ಮೊದಲ ಪಾತಿಯನ್ನು ಅವನ ಜೊತೆಗೇ ಅಗೆಯಲಿ.

ಅಲ್ಲಾಹನು ನಮಗೆ ತೌಫೀಕ್ ನೀಡಲಿ. ಆಮೀನ್.